ಸಂತಾನ ನಿಯಂತ್ರಣ: ವಿಧಾನದ ಆಯ್ಕೆ

ಗರ್ಭ ನಿಲ್ಲದಂತೆ ತಡೆಯಲು, ಎರಡು ಹೆರಿಗೆಗಳ ನಡುವೆ ಅಂತರ ಇಡಲು ಅಥವಾ ಇನ್ನು ಮಕ್ಕಳು ಸಾಕೆಂದು ನಿಲ್ಲಿಸಲು ಬಳಸುವ ಔಷಧ, ಸಾಧನ, ಶಸ್ತ್ರಕ್ರಿಯೆ ಮತ್ತು ನಿಯಮಗಳಿಗೆ ಒಟ್ಟಾಗಿ ಸಂತಾನ ನಿಯಂತ್ರಣ ವಿಧಾನಗಳೆಂದು ಹೆಸರು. ಸರ್ಕಾರಿ ಕಡತಗಳಲ್ಲಿ ಇದು ಕುಟುಂಬ ಯೋಜನೆ, ಕುಟುಂಬ ಕಲ್ಯಾಣ. ಊರ ಮಾತಿನಲ್ಲಿ ‘ಆಪರೇಷನ್ ಮಾಡಿಸ್ಕೊಳ್ಳೋದು’. ಇಡೀ ವಿಷಯಕ್ಕೆ ಜನ ಒಂದೇ ಶಸ್ತ್ರಕ್ರಿಯೆಯ ಹೆಸರಿಟ್ಟಿರುವುದಕ್ಕೆ ಕಾರಣವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ ಕರ್ನಾಟಕದ 15ರಿಂದ 49 ವರ್ಷದೊಳಗಿನ ವಿವಾಹಿತೆಯರಲ್ಲಿ ಶೇ. 68.7 ಮಂದಿ ಯಾವುದಾದರೊಂದು ವಿಧಾನವನ್ನು ಬಳಸುತ್ತಿದ್ದರು, ಶೇ. 57.4 ಮಂದಿಯ ವಿಧಾನ ಹೆಣ್ಣಿನ ಆಪರೇಷನ್ನೇ. ಮಾತ್ರೆ, ಕಾಪರ್-ಟಿ, ನಿರೋಧ್, ಚುಚ್ಚುಮದ್ದು, ದಿನ ಎಣಿಸುವ ಲೆಕ್ಕ, ಗಂಡಸಿನ ಆಪರೇಷನ್ ಎಲ್ಲ ಸೇರಿ ಉಳಿದದ್ದು ಹನ್ನೊಂದು ಚಿಲ್ಲರೆ. ದೇಶದ ಸರಾಸರಿಯಲ್ಲಿ ಹೆಣ್ಣಿನ ಆಪರೇಷನ್ನಿನ ಪಾಲು ಶೇ. 37.9.

ಹತ್ತು ದಾರಿಗಳಿದ್ದೂ ಬಹುತೇಕರು ಒಂದೇ ದಾರಿಯಲ್ಲಿ ನಡೆದರೆ ಅದನ್ನು ಆಯ್ಕೆ ಎನ್ನುವುದು ಕಷ್ಟ. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಎರಡು ಹೆರಿಗೆ, ಎರಡನೆಯದರ ಬೆನ್ನಿಗೇ ಆಪರೇಷನ್. ನಡುವೆ ಏನೂ ಇಲ್ಲ. ಈ ರೂಢಿ ಹೇಗೆ ಬಂತೆಂದು ತಿಳಿಯದೆ ವಿಧಾನಗಳ ಪಟ್ಟಿ ಓದಿ ಹೆಚ್ಚು ಪ್ರಯೋಜನವಿಲ್ಲ.

ಹಿನ್ನೆಲೆ

ಈ ಕೆಲಸಕ್ಕೆ ಸರ್ಕಾರವೊಂದು ಮೊದಲು ಕೈಹಾಕಿದ್ದು ಕನ್ನಡ ನೆಲದಲ್ಲೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರಲ್ಲಿ ಮೈಸೂರು ಸಂಸ್ಥಾನ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶಿಸಿತು. ಅದಕ್ಕೂ ಮೊದಲು ಮುಂಬಯಿಯಲ್ಲಿ ಗಣಿತದ ಪ್ರಾಧ್ಯಾಪಕ ರಘುನಾಥ ಧೋಂಡೋ ಕರ್ವೆ ಸ್ವಂತ ಹೊಣೆಯಲ್ಲಿ ಇಂಥದೇ ಕೇಂದ್ರ ನಡೆಸಿ, ನೌಕರಿಯನ್ನೂ ಕಳೆದುಕೊಂಡಿದ್ದರು. 1935ರ ಕೊನೆಯಲ್ಲಿ ಅಮೆರಿಕದ ಸಂತಾನ ನಿಯಂತ್ರಣ ಹೋರಾಟಗಾರ್ತಿ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಗಾಂಧೀಜಿಯನ್ನು ಒಪ್ಪಿಸಲು ನೋಡಿದರು. ಗಾಂಧೀಜಿ ಸಂಯಮದ ಹೊರತು ಬೇರೆ ದಾರಿಗೆ ಒಪ್ಪಲಿಲ್ಲ.

ಆ ಒಪ್ಪದಿರುವಿಕೆಯ ನೆರಳು ರಾಮನಗರದವರೆಗೆ ಚಾಚಿತು. ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಅನುಯಾಯಿ. ಸಾಧನ, ಔಷಧಗಳ ಗೊಡವೆಯಿಲ್ಲದ ‘ಸುರಕ್ಷಿತ ದಿನ’ದ ಪದ್ಧತಿಯೊಂದೇ ಅವರಿಗೆ ಸಮ್ಮತ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೆಹಲಿಯ ಲೋಧಿ ಕಾಲೊನಿಯಲ್ಲೂ ಮೈಸೂರು ರಾಜ್ಯದ ರಾಮನಗರದಲ್ಲೂ 1950ರ ದಶಕದ ಆರಂಭದಲ್ಲಿ ಪ್ರಯೋಗ ನಡೆಯಿತು. ತಿಂಗಳ ಲೆಕ್ಕ ಬರೆದಿಡಲಾಗದ ಹೆಂಗಸರಿಗೆಂದು ಬಣ್ಣಬಣ್ಣದ ಮಣಿಸರ ಪೋಣಿಸಿ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಒಂದು ಬಣ್ಣ ಬಂದರೆ ಸೇರಬಹುದು, ಇನ್ನೊಂದು ಬಂದರೆ ಕೂಡದು. ಜಪಮಣಿ ಎಣಿಸಿ ಅಭ್ಯಾಸವಿದ್ದ ನಾಡಿಗೆ ಇದು ಸಲೀಸೆಂದು ತೋರಿರಬೇಕು. ಆದರೆ ಮುಟ್ಟಿನ ಚಕ್ರ ಎಲ್ಲರಲ್ಲೂ ಒಂದೇ ಅಳತೆಯದಲ್ಲ, ಮಣಿ ಸರಿಸುವುದು ಮರೆಯುತ್ತದೆ, ಮತ್ತು ಕೂಡದೆಂದು ಹೇಳುವ ಅಧಿಕಾರ ಆ ಕಾಲದ ಸೊಸೆಯ ಕೈಲಿರಲಿಲ್ಲ. ಕಲಿಯಲು ಮುಂದೆ ಬಂದವರು ಅನೇಕರು. ಪಾಲಿಸಿ ಉಳಿದವರು ಕೆಲವರು. ಸರದಲ್ಲಿ ತಪ್ಪೇನೂ ಇರಲಿಲ್ಲ; ಅದನ್ನು ಬಳಸಬೇಕಾದವಳ ಮನೆಯೊಳಗಿನ ಸ್ಥಾನವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

1952ರಲ್ಲಿ ಭಾರತ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೊಂಡ ಮೊದಲ ದೇಶವಾಯಿತು. 1965ರಲ್ಲಿ ಗರ್ಭಕೋಶದೊಳಗೆ ಇಡುವ ಪ್ಲಾಸ್ಟಿಕ್ಕಿನ ಲಿಪ್ಪೀಸ್ ಲೂಪ್ ಬಂತು. ಬಾಗಿದ ಆಕಾರ ಕಂಡು ಜನ ಅದನ್ನು ‘ವಂಕಿ’ ಎಂದರು. ವಂಕಿ ಹೋಗಿ ಕಾಪರ್-ಟಿ ಬಂದರೂ ಹಳೆಯ ದಾದಿಯರ ಬಾಯಲ್ಲಿ ಹೆಸರು ಹಾಗೇ ಉಳಿದಿದೆ. 1968ರಲ್ಲಿ ಸರ್ಕಾರಿ ಕಾಂಡೋಮ್ ನಿರೋಧ್ ಅಂಗಡಿಗೆ ಇಳಿಯಿತು. ಗೋಡೆ ಗೋಡೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ‘ನಾವಿಬ್ಬರು ನಮಗಿಬ್ಬರು’. ನಾಚಿಕೆಯ ವಿಷಯವೆಂದು ಮುಚ್ಚಿಟ್ಟಿದ್ದನ್ನು ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ಯಲ್ಲಿ ವೈದ್ಯೆಯಾಗಿ ನೇರವಾಗಿ ಬರೆದರು; ಗೋಡೆಬರಹಕ್ಕಿಂತ ಆ ಪುಸ್ತಕ ಕನ್ನಡದ ಮನೆಗಳಲ್ಲಿ ಹೆಚ್ಚು ಒಳಗೆ ಹೋಯಿತು.

ಆವರೆಗೆ ಆಪರೇಷನ್ ಎಂದರೆ ಮುಖ್ಯವಾಗಿ ಗಂಡಸಿನದು. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಕ್ರಿಯೆಗಳು ನಡೆದವು. ಅವುಗಳಲ್ಲಿ ಸುಮಾರು ಮುಕ್ಕಾಲು ಭಾಗ ಗಂಡಸರ ಮೇಲೆ. ಬಲವಂತದ ಕಥೆಗಳು ಸರ್ಕಾರವನ್ನೇ ಉರುಳಿಸಲು ನೆರವಾದ ಮೇಲೆ ಯಾವ ಪಕ್ಷವೂ ಗಂಡಸಿನ ಆಪರೇಷನ್ನಿನ ಹೆಸರೆತ್ತಲಿಲ್ಲ. ಗುರಿ ಮಾತ್ರ ಉಳಿಯಿತು, ಭಾರ ಹೆಣ್ಣಿನ ಮೇಲೆ ಜಾರಿತು. ಶಾಲಾ ಕೊಠಡಿಗಳಲ್ಲಿ, ತಾತ್ಕಾಲಿಕ ಶಿಬಿರಗಳಲ್ಲಿ ಸಾಲಾಗಿ ಮಲಗಿಸಿ ಮಾಡುವ ಪದ್ಧತಿ ದಶಕಗಳ ಕಾಲ ನಡೆಯಿತು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದಲ್ಲಿ ಒಬ್ಬನೇ ಶಸ್ತ್ರವೈದ್ಯ ಒಂದೇ ಶಿಬಿರದಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದ ಬಳಿಕ ಹದಿಮೂರು ಮಂದಿ ಸತ್ತರು. 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮೂರು ವರ್ಷದೊಳಗೆ ಶಿಬಿರ ಪದ್ಧತಿಯನ್ನು ಕೈಬಿಡಲು ಹೇಳಿತು.

ಎಷ್ಟು ನಂಬಬಹುದು

ಯಾವ ವಿಧಾನದ ಬಗ್ಗೆಯೂ ಎರಡು ಅಂಕಿಗಳಿರುತ್ತವೆ. ಒಂದು, ಚಾಚೂತಪ್ಪದೆ ಬಳಸಿದಾಗಿನದು. ಇನ್ನೊಂದು, ಮರೆವು, ಪ್ರಯಾಣ, ಜ್ವರ, ಮನೆಗೆ ಬಂದ ನೆಂಟರು ಎಲ್ಲವೂ ಇರುವ ಬದುಕಿನಲ್ಲಿ ಬಳಸಿದಾಗಿನದು. ನುಂಗುವ ಹಾರ್ಮೋನು ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ವರ್ಷವಿಡೀ ತೆಗೆದುಕೊಂಡ ಸಾವಿರ ಹೆಂಗಸರಲ್ಲಿ ಬಸಿರಾಗುವವರು ಸುಮಾರು ಮೂವರು. ವಾಡಿಕೆಯ ಬಳಕೆಯಲ್ಲಿ ನೂರಕ್ಕೆ ಏಳು. ಕಾಂಡೋಮಿನದು ನೂರಕ್ಕೆ ಎರಡು ಹೋಗಿ ಹದಿಮೂರು. ಹೊರಗೆ ಸ್ಖಲಿಸುವ ಹಳೆಯ ಉಪಾಯದಲ್ಲಿ ಇಪ್ಪತ್ತರ ಹತ್ತಿರ. ಏನನ್ನೂ ಬಳಸದಿದ್ದರೆ ಎಂಬತ್ತೈದು. ಹೀಗಾಗಿ ಹಳೆಯ ಉಪಾಯವೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ಕಾಪರ್-ಟಿ, ತೋಳಿನ ಚರ್ಮದಡಿ ಇಡುವ ಕಡ್ಡಿ, ಎರಡೂ ಬಗೆಯ ಆಪರೇಷನ್‌ಗಳಲ್ಲಿ ಮಾತ್ರ ಈ ಎರಡು ಅಂಕಿಗಳ ನಡುವೆ ಅಂತರವೇ ಇಲ್ಲವೆನ್ನಬಹುದು. ನೂರಕ್ಕೆ ಒಂದಕ್ಕಿಂತ ಕಡಿಮೆ. ಕಾರಣ ಸರಳ: ಅವನ್ನು ದಿನವೂ ನೆನೆಯಬೇಕಿಲ್ಲ. ಆದ್ದರಿಂದ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ಯಾವುದು ಒಳ್ಳೆಯದು’ ಎಂದಲ್ಲ, ‘ತಪ್ಪಿ ಬಸಿರಾದರೆ ಈಗ ನನಗೆ ಎಷ್ಟು ತೊಂದರೆ’ ಎಂದು. ಆರು ತಿಂಗಳ ನಂತರ ಹೇಗೂ ಮಗು ಬೇಕೆನ್ನುವವಳಿಗೆ ನಿರೋಧ್ ಸಾಕು. ಹೃದಯದ ಕಾಯಿಲೆಯಿದ್ದು ಬಸಿರೇ ಜೀವಕ್ಕೆ ಅಪಾಯವಾದವಳಿಗೆ ಸಾಲದು.

ಹೊಸ ಮದುವೆ

ಮದುವೆಯಾದ ವರ್ಷದಲ್ಲೇ ‘ಏನಾದರೂ ವಿಶೇಷವೇ’ ಎಂದು ವಿಚಾರಿಸುವ ಸಮಾಜದಲ್ಲಿ ಮೊದಲ ಮಗುವನ್ನು ಮುಂದೂಡುವುದೇ ದೊಡ್ಡ ಕೆಲಸ. ‘ಮೊದಲೇ ಮಾತ್ರೆ ನುಂಗಿದರೆ ಆಮೇಲೆ ಮಕ್ಕಳಾಗುವುದಿಲ್ಲ’ ಎಂಬ ಹೆದರಿಕೆ ಮನೆಮನೆಯಲ್ಲಿದೆ, ಮತ್ತು ಅದು ಸುಳ್ಳು. ಮಾತ್ರೆ ಬಿಟ್ಟ ಕೆಲವೇ ವಾರಗಳಲ್ಲಿ ಅಂಡ ಬಿಡುಗಡೆ ಮತ್ತೆ ಶುರುವಾಗುತ್ತದೆ. ಕಾಪರ್-ಟಿ ತೆಗೆದ ತಿಂಗಳೇ ಗರ್ಭ ನಿಲ್ಲಬಹುದು. ತಡವಾಗುವುದು ಮೂರು ತಿಂಗಳ ಚುಚ್ಚುಮದ್ದಿನಲ್ಲಿ ಮಾತ್ರ: ಕೊನೆಯ ಸೂಜಿಯಿಂದ ಗರ್ಭ ನಿಲ್ಲಲು ಸರಾಸರಿ ಹತ್ತು ತಿಂಗಳಾದರೂ ಬೇಕು. ಮುಂದಿನ ವರ್ಷವೇ ಮಗು ಬೇಕೆನ್ನುವವರು ಅದನ್ನು ಬಿಡುವುದು ಮೇಲು.

ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಚೀಟಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಒಟ್ಟು 28 ಗುಳಿಗೆ: 21 ಬಿಳಿಯವು, ಏಳು ಕಂದುಗಪ್ಪು. ಬಿಳಿಯದರಲ್ಲಿ ಎರಡು ಹಾರ್ಮೋನು, ಕಪ್ಪಿನದರಲ್ಲಿ ಬರೀ ಕಬ್ಬಿಣಾಂಶ. ಕಪ್ಪು ನುಂಗುವ ವಾರದಲ್ಲಿ ಮುಟ್ಟಾಗುತ್ತದೆ. ಅದನ್ನು ಎಸೆದರೆ ತಡೆ ಕೆಡುವುದಿಲ್ಲ, ಆದರೆ ದಿನದ ಅಭ್ಯಾಸ ತಪ್ಪುತ್ತದೆ, ರಕ್ತಕ್ಕೆ ಸೇರಬೇಕಾದ ಕಬ್ಬಿಣವೂ ಹೋಗುತ್ತದೆ. ಒಂದು ಬಿಳಿ ಮರೆತರೆ ನೆನಪಾದ ಕೂಡಲೇ ನುಂಗಿ, ಮುಂದಿನದನ್ನು ಅದರ ಹೊತ್ತಿಗೇ ತೆಗೆದುಕೊಂಡರಾಯಿತು. ಎರಡು ಮೂರು ದಿನ ತಪ್ಪಿದರೆ ಮಾತ್ರೆ ಮುಂದುವರಿಸುತ್ತಲೇ ಏಳು ದಿನ ಕಾಂಡೋಮಿನ ಆಸರೆ ಬೇಕು. ತಪ್ಪಿದ್ದು ಮೂರನೆಯ ವಾರದಲ್ಲಾದರೆ ಕಪ್ಪು ಗುಳಿಗೆಗಳನ್ನು ಬಿಟ್ಟು ನೇರವಾಗಿ ಹೊಸ ಚೀಟಿ ಹಿಡಿಯಬೇಕು. ಮೊದಲೆರಡು ತಿಂಗಳು ವಾಕರಿಕೆ, ನಡುನಡುವೆ ರಕ್ತದ ಕಲೆ ಕಾಣಬಹುದು. ಬಹುಪಾಲು ಮಂದಿ ಬಿಡುವುದು ಇಲ್ಲೇ; ಇನ್ನೊಂದು ತಿಂಗಳು ತಾಳಿದ್ದರೆ ಸರಿಹೋಗುತ್ತಿತ್ತು.

ಈ ಮಾತ್ರೆ ಎಲ್ಲರಿಗೂ ಅಲ್ಲ. 35 ದಾಟಿ ಬೀಡಿ ಸಿಗರೇಟು ಸೇದುವವರು, ರಕ್ತದೊತ್ತಡ 140/90 ಮೀರಿದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ ಚರಿತ್ರೆಯವರು, ಸ್ತನ ಕ್ಯಾನ್ಸರ್ ಅಥವಾ ಯಕೃತ್ತಿನ ತೀವ್ರ ಕಾಯಿಲೆಯವರು ದೂರವಿರಬೇಕು. ಕಣ್ಣೆದುರು ಮಿಂಚಿನ ಗೆರೆ ಹೊಳೆದು ಆಮೇಲೆ ಅರ್ಧತಲೆನೋವು ಬರುವವರಿಗೂ ಇದು ಕೂಡದು; ಅವರಲ್ಲಿ ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಔಷಧದಂಗಡಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಬಿ.ಪಿ. ನೋಡಿಸಲು ಉಪಕೇಂದ್ರದಲ್ಲಿ ಐದು ನಿಮಿಷ ಸಾಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರದ ಫೆನಿಟಾಯಿನ್, ಕಾರ್ಬಮಜೆಪಿನ್ ಮಾತ್ರೆಯ ಶಕ್ತಿಯನ್ನು ತಗ್ಗಿಸುತ್ತವೆ; ಅಂಥವರಿಗೆ ಕಾಪರ್-ಟಿ ಅಥವಾ ಚುಚ್ಚುಮದ್ದು ವಾಸಿ.

ಹಾರ್ಮೋನು ಬೇಡವೆನ್ನುವವರಿಗೆ ಭಾರತದ್ದೇ ಆದ ಗುಳಿಗೆಯೊಂದಿದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಆರ್ಮೆಲಾಕ್ಸಿಫೀನ್ 1991ರಲ್ಲಿ ‘ಸಹೇಲಿ’ಯಾಗಿ ಮಾರುಕಟ್ಟೆಗೆ ಬಂತು, ಈಗ ‘ಛಾಯಾ’ ಎಂಬ ಹೆಸರಿನಲ್ಲಿ ಸರ್ಕಾರಿ ಕಾರ್ಯಕ್ರಮದಲ್ಲೂ ಇದೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ವಾರಕ್ಕೊಮ್ಮೆ ನೆನೆಯುವುದು ಸುಲಭವೋ ಕಷ್ಟವೋ ಎಂಬುದು ಆಯಾ ಮನೆಯ ಲಯಕ್ಕೆ ಬಿಟ್ಟದ್ದು. ಸಂತೆಯ ದಿನಕ್ಕೋ ಸೋಮವಾರದ ಉಪವಾಸಕ್ಕೋ ಜೋಡಿಸಿದರೆ ಮರೆಯುವುದಿಲ್ಲ. ಮುಟ್ಟು ತಡವಾಗುವುದು, ಕಡಿಮೆಯಾಗುವುದು ಇದರ ಗುಣ. ಅಂಡಾಶಯದಲ್ಲಿ ಗುಳ್ಳೆಯಿರುವವರು, ಇತ್ತೀಚೆಗೆ ಕಾಮಾಲೆ ಆಗಿದ್ದವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಕಾಂಡೋಮಿನ ಬಗ್ಗೆ ಹೇಳಬೇಕಾದದ್ದು ಎರಡೇ. ಎಚ್.ಐ.ವಿ. ಮತ್ತಿತರ ಲೈಂಗಿಕ ಸೋಂಕುಗಳನ್ನೂ ತಡೆಯುವುದು ಅದೊಂದೇ ಆದ್ದರಿಂದ, ಬೇರೆ ವಿಧಾನ ಬಳಸುವವರಿಗೂ ಅದು ಬೇಕಾಗಬಹುದು. ಎರಡನೆಯದು ಕೊಬ್ಬರಿ ಎಣ್ಣೆ. ಲ್ಯಾಟೆಕ್ಸಿಗೆ ಎಣ್ಣೆ, ತುಪ್ಪ, ವ್ಯಾಸಲಿನ್ ತಾಗಿದರೆ ಅದು ಸಡಿಲವಾಗಿ ಹರಿಯುತ್ತದೆ. ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ ಸರ್ಕಾರಿ ಸ್ವಾಮ್ಯದ ಎಚ್.ಎಲ್.ಎಲ್. ಕಂಪನಿಯ ಕಾಂಡೋಮ್ ಕಾರ್ಖಾನೆಯೇ ಇದೆ. ನಮ್ಮಲ್ಲಿ ಕೊರತೆಯಿರುವುದು ಸರಕಿನದಲ್ಲ.

ಬಾಣಂತನದ ಲೆಕ್ಕ

ಅತಿ ಹೆಚ್ಚು ಲೆಕ್ಕ ತಪ್ಪುವುದು ಮೊದಲ ಹೆರಿಗೆಯ ನಂತರ. ಬಾಣಂತಿ ತವರಿನಲ್ಲಿರುವಷ್ಟು ಕಾಲ ದೂರವೇ ತಡೆ. ಮೂರನೆಯದೋ ಐದನೆಯದೋ ತಿಂಗಳಲ್ಲಿ ತೊಟ್ಟಿಲು, ಮಗು, ಬೆಳ್ಳಿ ಲೋಟಗಳೊಂದಿಗೆ ಗಂಡನ ಮನೆಗೆ ಮರಳುತ್ತಾಳೆ. ‘ಇನ್ನೂ ಮುಟ್ಟಾಗಿಲ್ಲ, ಹಾಲು ಕುಡಿಸ್ತಿದ್ದೀನಿ, ಏನೂ ಆಗಲ್ಲ’ ಎಂಬುದು ಅತ್ತೆಯಿಂದ, ಓರಗಿತ್ತಿಯಿಂದ ಕೇಳಿದ ಮಾತು. ಈ ಮಾತು ಅರ್ಧ ನಿಜ, ಅದೇ ಅದರ ಅಪಾಯ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಹಗಲೂ ರಾತ್ರಿಯೂ ಎದೆಹಾಲಿನ ಹೊರತು ಬೇರೇನೂ ಕೊಡುತ್ತಿರಬಾರದು. ಮೂರೂ ಕೂಡಿದ್ದರೆ ಹಾಲೂಡಿಕೆ ನೂರಕ್ಕೆ 98ರಷ್ಟು ತಡೆ ಕೊಡುತ್ತದೆ. ರಾಗಿಸರಿ ಶುರುವಾಯಿತೋ, ರಾತ್ರಿ ಬಾಟಲಿ ಹಾಲಿಗೆ ತಿರುಗಿತೋ, ಲೆಕ್ಕ ಮುಗಿಯಿತು. ಅಂಡ ಬಿಡುಗಡೆಯಾಗುವುದು ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಅಂದರೆ ಮುಟ್ಟು ಕಾಣದೆಯೇ ಬಸಿರಾಗಬಹುದು. ಹೆರಿಗೆಯಿಂದ ಮುಂದಿನ ಬಸಿರಿಗೆ ಎರಡು ವರ್ಷವಾದರೂ ಅಂತರವಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಈ ಕಾಲಕ್ಕೆ ಎರಡು ಹಾರ್ಮೋನಿನ ಮಾಲಾ-ಎನ್ ಹೊಂದದು. ಹಾಲೂಡಿಸುವವರು ಆರು ತಿಂಗಳಾಗುವ ತನಕ ಅದನ್ನು ಬಿಡಬೇಕು. ಛಾಯಾ ಆಗುತ್ತದೆ. ‘ಅಂತರಾ’ ಚುಚ್ಚುಮದ್ದು ಆರು ವಾರ ಕಳೆದ ಮೇಲೆ ಆಗುತ್ತದೆ: ಮೂರು ತಿಂಗಳಿಗೊಂದು ಸೂಜಿ, ಮನೆಯಲ್ಲಿ ಮಾತ್ರೆಯ ಚೀಟಿ ಯಾರ ಕಣ್ಣಿಗೂ ಬೀಳದು. ಗುಟ್ಟಾಗಿರಬೇಕಾದ ಹೆಂಗಸಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಮುಟ್ಟು ಅಡ್ಡಾದಿಡ್ಡಿಯಾಗುತ್ತದೆ, ವರ್ಷ ಕಳೆಯುವುದರಲ್ಲಿ ನಿಂತೇ ಹೋಗಬಹುದು. ಇದನ್ನು ಮೊದಲೇ ಹೇಳಿದ ದಾದಿಯ ಬಳಿ ಹೆಂಗಸರು ಎರಡನೆಯ ಸೂಜಿಗೆ ಬರುತ್ತಾರೆ. ಹೇಳದಿದ್ದರೆ ‘ಕೆಟ್ಟ ರಕ್ತ ಒಳಗೇ ಕಟ್ಟಿಕೊಂಡಿದೆ’ ಎಂದು ಹೆದರಿ ಬಿಡುತ್ತಾರೆ. ಒಳಗೆ ಏನೂ ಕಟ್ಟಿಕೊಂಡಿರುವುದಿಲ್ಲ. ಗರ್ಭಕೋಶದ ಒಳಪದರ ಬೆಳೆದೇ ಇರುವುದಿಲ್ಲ.

ಕಾಪರ್-ಟಿಯನ್ನು ಹೆರಿಗೆಯಾದ 48 ಗಂಟೆಯೊಳಗೆ, ಆಸ್ಪತ್ರೆ ಬಿಡುವ ಮುನ್ನವೇ ಹಾಕಿಸಬಹುದು. ಆ ಅವಧಿ ದಾಟಿದರೆ ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರುವ ತನಕ, ಸಾಮಾನ್ಯವಾಗಿ ಆರು ವಾರ, ಕಾಯಬೇಕು. ತಾಮ್ರದ ಅಯಾನುಗಳು ವೀರ್ಯಾಣುವನ್ನು ನಿಷ್ಕ್ರಿಯಗೊಳಿಸಿ ಅಂಡ ಸೇರದಂತೆ ಮಾಡುತ್ತವೆ. ಅದು ತಿಂಗಳು ತಿಂಗಳೂ ಗರ್ಭಪಾತ ಮಾಡಿಸುತ್ತದೆಂಬುದು ತಪ್ಪು ತಿಳಿವಳಿಕೆ. 380ಎ ಎಂಬ ಬಗೆ ಹತ್ತು ವರ್ಷ, 375 ಎಂಬುದು ಐದು ವರ್ಷ ಕೆಲಸ ಮಾಡುತ್ತದೆ. ಮೇಲೇರಿ ಎದೆಗೆ ಹೋಗುತ್ತದೆ ಎಂಬ ಕಥೆ ಎಲ್ಲ ಊರಲ್ಲೂ ಇದೆ. ಹಾಕುವಾಗ ಗರ್ಭಕೋಶದ ಗೋಡೆಗೆ ರಂಧ್ರವಾಗುವುದು ಸಾವಿರಕ್ಕೊಂದರಷ್ಟು ಅಪರೂಪ. ತಾನಾಗಿ ಕೆಳಕ್ಕೆ ಜಾರಿ ಬಿದ್ದುಹೋಗುವುದು ಅದಕ್ಕಿಂತ ಸಾಮಾನ್ಯ, ಹೆರಿಗೆಯ ಬೆನ್ನಿಗೇ ಹಾಕಿಸಿದಾಗ ಇನ್ನೂ ಹೆಚ್ಚು. ಆದ್ದರಿಂದ ದಾರ ಇದೆಯೇ ಎಂದು ತೋರಿಸಿಕೊಳ್ಳಬೇಕು. ನಿಜವಾದ ತೊಡಕು ಬೇರೆ. ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನ ಸ್ರಾವ, ನೋವು ಹೆಚ್ಚುತ್ತದೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಕಾಪರ್-ಟಿ ಹಾಕುವವರು ಜೊತೆಗೆ ಕಬ್ಬಿಣದ ಮಾತ್ರೆ ಕೊಡದಿದ್ದರೆ ಅರ್ಧ ಕೆಲಸ ಮಾಡಿದಂತೆ. ಹಾರ್ಮೋನು ಒಸರುವ ಬಗೆಯ ಸಾಧನದಲ್ಲಿ ಸ್ರಾವ ತೀರ ತಗ್ಗುತ್ತದೆ, ಆದರೆ ಬೆಲೆ ಹೆಚ್ಚು, ಸಿಗುವುದು ಬಹುತೇಕ ಖಾಸಗಿಯಲ್ಲಿ.

ತೋಳಿನ ಒಳಬದಿಯಲ್ಲಿ ಬೆಂಕಿಕಡ್ಡಿಯಷ್ಟುದ್ದದ ಕಡ್ಡಿ ಇಡುವ ಮೂರು ವರ್ಷದ ವಿಧಾನ ಹೊರದೇಶಗಳಲ್ಲಿ ಹಳೆಯದು. ಸರ್ಕಾರಿ ಕಾರ್ಯಕ್ರಮದಲ್ಲಿ ಈಚೆಗೆ ಆಯ್ದ ಕಡೆಗಳಲ್ಲಿ ಮೊದಲಾಗಿದೆ.

ಸಾಕು ಎಂದಾಗ

ಹೆಣ್ಣಿನ ಆಪರೇಷನ್ನಿನಲ್ಲಿ ಅಂಡನಾಳಗಳನ್ನು ಕಟ್ಟಿ ಕತ್ತರಿಸುತ್ತಾರೆ ಅಥವಾ ಉದರದರ್ಶಕದ (ಲ್ಯಾಪರೊಸ್ಕೋಪ್) ಮೂಲಕ ಉಂಗುರ ಹಾಕುತ್ತಾರೆ. ಹೆರಿಗೆಯಾದ ಏಳು ದಿನದೊಳಗೆ, ಇಲ್ಲವೇ ಆರು ವಾರದ ನಂತರ ಮಾಡುವುದು ವಾಡಿಕೆ. ಸರ್ಕಾರಿ ನಿಯಮದಂತೆ ಆಕೆಗೆ 22ರಿಂದ 49 ವರ್ಷ ವಯಸ್ಸು, ಒಂದು ವರ್ಷ ದಾಟಿದ ಮಗುವೊಂದಾದರೂ ಇರಬೇಕು. ಒಪ್ಪಿಗೆ ಆಕೆಯದು ಸಾಕು. ಗಂಡನ ರುಜು ಕಾನೂನಿಗೆ ಬೇಕಿಲ್ಲ, ರೂಢಿಯಲ್ಲಿ ಕೇಳುತ್ತಾರೆ ಅಷ್ಟೆ. ಇಪ್ಪತ್ತೈದರೊಳಗೆ ಮಾಡಿಸಿಕೊಂಡವರಲ್ಲಿ ಮುಂದೆ ಪಶ್ಚಾತ್ತಾಪ ಪಡುವವರು ಹೆಚ್ಚು. ಮಗು ತೀರಿಕೊಳ್ಳಬಹುದು, ಮರುಮದುವೆಯಾಗಬಹುದು. ನಾಳ ಮತ್ತೆ ಜೋಡಿಸುವ ಶಸ್ತ್ರಕ್ರಿಯೆ ದುಬಾರಿ, ಫಲ ಖಚಿತವಿಲ್ಲ. ಹತ್ತು ವರ್ಷದ ಕಾಪರ್-ಟಿ ಇಷ್ಟೇ ಭದ್ರವಾಗಿರುವಾಗ 23ರ ಹೆಣ್ಣಿಗೆ ಆಪರೇಷನ್ನನ್ನೇ ಮೊದಲು ಮುಂದಿಡುವುದು ಈ ಲೇಖಕರ ಮಟ್ಟಿಗೆ ಸೋಮಾರಿ ವೈದ್ಯಕೀಯ. ಗರ್ಭಕೋಶವನ್ನೇ ತೆಗೆಸುವುದಂತೂ ಸಂತಾನ ನಿಯಂತ್ರಣದ ವಿಧಾನವೇ ಅಲ್ಲ.

ಗಂಡಸಿನದು ಇದಕ್ಕಿಂತ ಎಷ್ಟೋ ಹಗುರ. ಹೊಟ್ಟೆ ತೆರೆಯಬೇಕಿಲ್ಲ. ಚೀನಾದ ವೈದ್ಯ ಲಿ ಶುಂಚಿಯಾಂಗ್ 1974ರಲ್ಲಿ ರೂಪಿಸಿದ ಕತ್ತಿಯಿಲ್ಲದ ಪದ್ಧತಿಯಲ್ಲಿ, ಮರಗಟ್ಟುವ ಸೂಜಿ ಕೊಟ್ಟು, ವೃಷಣ ಚೀಲದ ಚರ್ಮಕ್ಕೆ ಮೊನಚಾದ ಇಕ್ಕಳದಿಂದ ಸಣ್ಣ ತೂತು ಮಾಡಿ, ವೀರ್ಯನಾಳವನ್ನು ಹೊರಗೆಳೆದು ಕಟ್ಟಿ ಒಳಗೆ ಬಿಡುತ್ತಾರೆ. ಹೊಲಿಗೆಯಿಲ್ಲ, ಅರ್ಧ ಗಂಟೆಯೊಳಗಿನ ಕೆಲಸ, ಅದೇ ದಿನ ಮನೆಗೆ. ‘ಬಲ ಹೋಗುತ್ತೆ, ನೇಗಿಲು ಹಿಡಿಯೋಕಾಗಲ್ಲ’ ಎಂಬ ಮಾತಿಗೆ ಆಧಾರವಿಲ್ಲ. ಗಂಡಸಿನ ಹಾರ್ಮೋನು ರಕ್ತದ ಮೂಲಕ ಹರಿಯುತ್ತದೆ, ಕಟ್ಟಿದ ನಾಳದ ಮೂಲಕವಲ್ಲ. ನೆನಪಿಡಬೇಕಾದದ್ದು, ನಾಳದ ಮುಂದಿನ ಭಾಗದಲ್ಲಿ ಮೊದಲೇ ಇದ್ದ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು. ಅಷ್ಟು ಕಾಲ ಬೇರೆ ತಡೆ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿಯೇ ನಂಬಬೇಕು. ಇದನ್ನು ಹೇಳದೆ ಕಳಿಸಿದ ಕಡೆ ಹೆಂಡತಿ ಬಸಿರಾಗಿ ಇಲ್ಲದ ಸಂಶಯಗಳು ಹುಟ್ಟುತ್ತವೆ. ಸರ್ಕಾರ ಗಂಡಸಿಗೆ ಹೆಣ್ಣಿಗಿಂತ ಹೆಚ್ಚು ಪ್ರೋತ್ಸಾಹಧನ ಕೊಡುತ್ತದೆ. ಆದರೂ ಸಮೀಕ್ಷೆಯಲ್ಲಿ ದೇಶದ ಅಂಕಿ ಶೇ. 0.3, ಕರ್ನಾಟಕದ್ದು ಲೆಕ್ಕಕ್ಕೇ ಸಿಗದಷ್ಟು.

ತಪ್ಪಿದಾಗ

ಕಾಂಡೋಮು ಹರಿದರೆ, ಮಾತ್ರೆ ತಪ್ಪಿದರೆ, ಬಲಾತ್ಕಾರವಾದರೆ ತುರ್ತು ಮಾತ್ರೆಯಿದೆ: 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್, 72 ಗಂಟೆಯೊಳಗೆ, ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು. ಭಾರತದಲ್ಲಿ 2005ರಿಂದ ವೈದ್ಯರ ಚೀಟಿ ಬೇಕಿಲ್ಲ. ಇದು ಅಂಡದ ಬಿಡುಗಡೆಯನ್ನು ಮುಂದೂಡುತ್ತದೆ. ಆಗಲೇ ನಿಂತ ಗರ್ಭಕ್ಕೆ ಏನೂ ಮಾಡದು. ತಿಂಗಳಿಗೆ ಮೂರು ನಾಲ್ಕು ಬಾರಿ ಇದನ್ನೇ ನೆಚ್ಚುವವರಿಗೆ ದಿನದ ಮಾತ್ರೆ ಅಗ್ಗವೂ ಹೌದು, ಭದ್ರವೂ ಹೌದು. ಐದು ದಿನದೊಳಗೆ ಹಾಕಿಸಿದ ಕಾಪರ್-ಟಿ ಇದಕ್ಕಿಂತ ಪರಿಣಾಮಕಾರಿ.

ಗರ್ಭ ನಿಂತೇ ಬಿಟ್ಟಿದ್ದರೆ 1971ರ ಗರ್ಭಪಾತ ಕಾಯ್ದೆಯ ಆಸರೆಯಿದೆ. ಗರ್ಭನಿರೋಧಕ ವಿಫಲವಾದದ್ದು ಮೊದಲಿನಿಂದಲೂ ಒಪ್ಪಿತ ಕಾರಣ. 2021ರ ತಿದ್ದುಪಡಿ ‘ವಿವಾಹಿತೆ, ಗಂಡ’ ಎಂಬಲ್ಲಿ ‘ಮಹಿಳೆ, ಸಂಗಾತಿ’ ಎಂದು ಬರೆಯಿತು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅಂಗಡಿಯಿಂದ ಗರ್ಭಪಾತದ ಮಾತ್ರೆ ತರಿಸಿ ಯಾರಿಗೂ ತಿಳಿಸದೆ ನುಂಗಿ, ರಕ್ತ ನಿಲ್ಲದೆ ಆಸ್ಪತ್ರೆ ಸೇರುವವರು ಈಗಲೂ ಇದ್ದಾರೆ.

ನಲವತ್ತರ ನಂತರ

ಈ ವಯಸ್ಸಿನಲ್ಲಿ ಮುಟ್ಟು ಎರಡು ತಿಂಗಳು ತಪ್ಪಿ ಮತ್ತೆ ಬರುವುದುಂಟು. ‘ಇನ್ನೇನು ನಿಂತಿತು’ ಎಂದು ನಂಬಿ ತಡೆ ಬಿಟ್ಟವರು, ಮಗಳ ಮದುವೆಯ ಓಡಾಟದ ನಡುವೆ ತಾವೇ ಬಸಿರಾಗಿ ಮುಜುಗರಪಡುತ್ತಾರೆ. ಐವತ್ತು ದಾಟಿದವರಲ್ಲಿ ಒಂದು ವರ್ಷ, ದಾಟದವರಲ್ಲಿ ಎರಡು ವರ್ಷ ಪೂರ್ತಿ ಮುಟ್ಟಾಗದಿದ್ದರೆ ಮಾತ್ರ ತಡೆ ಬಿಡಬಹುದು. ಬಿ.ಪಿ., ಸಕ್ಕರೆ ಕಾಯಿಲೆ ಸೇರಿಕೊಳ್ಳುವ ಕಾಲವಾದ್ದರಿಂದ ಎರಡು ಹಾರ್ಮೋನಿನ ಮಾತ್ರೆ ಅಷ್ಟು ಹಿತವಲ್ಲ; ನಲವತ್ತರ ನಂತರ ಹಾಕಿಸಿದ ಕಾಪರ್-ಟಿಯನ್ನು ಮುಟ್ಟು ನಿಲ್ಲುವ ತನಕ ಹಾಗೇ ಇರಗೊಡಬಹುದು. ನಿಂತ ಮೇಲೆ ಮಾತ್ರ ಅದನ್ನು ತೆಗೆಸಲೇಬೇಕು. ಹಾಕಿದ ದಿನ, ಬಗೆ, ತೆಗೆಸಬೇಕಾದ ವರ್ಷ ಬರೆದ ಚಿಕ್ಕ ಕಾರ್ಡನ್ನು ಆಸ್ಪತ್ರೆಯಲ್ಲಿ ಕೊಡುತ್ತಾರೆ. ಅದನ್ನು ತಾಯಿ ಕಾರ್ಡಿನ ಜೊತೆ ಟ್ರಂಕಿನ ತಳಕ್ಕೆ ಹಾಕದೆ, ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡರೆ ವರ್ಷಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುತ್ತದೆ.